ಹನ್ನೊಂದು ವರ್ಷದ ಮಡಿಕೇರಿ

"ಮಡಿಕೇರಿ ನನಗ ಅಂಗೈ ಇದ್ದಂಗ" ಅಂದುಬಿಟ್ಟಿದ್ದೆ.
ಅಂದದ್ದು ಊಟದ ಹೊತ್ತಿನಲ್ಲಿ, ಮಕ್ಕಳ ಮುಂದೆ.
ಬಾಯಿಂದ ಹೊರಟ ಟಿಕೆಟ್ಟು
ವಾಪಸು ತಗೊಳ್ಳೋಕ್ಕಾಗಲ್ಲ.

ಹುಬ್ಬಳ್ಳಿ–ಮಡಿಕೇರಿ ರಾತ್ರಿ ಗಾಡಿ, ಹನ್ನೊಂದು ವರ್ಷ.
ಬೆಳಗಿನ ಮಂಜಿನಲ್ಲಿ ಎಲ್ಲರನ್ನೂ ಇಳಿಸಿ
ಡಿಪೋದ ಕಬ್ಬಿಣದ ಮಂಚದಲ್ಲಿ
ಎರಡು ಕಂಬಳಿ ಹೊದ್ದು ಹಗಲೆಲ್ಲ ಮಲಗಿ
ಸಂಜೆ ಎದ್ದು ಮತ್ತೆ ಸೀಟಿ ಊದಿದವನು.
ಊರಿಗೆ ಊರೇ ನನ್ನ ನಿದ್ದೆಯ ಆಚೆ ಬದಿಗೆ ಇತ್ತು.

ದಸರಾ ರಜೆ. ನಾಲ್ಕು ಜನ, ಎರಡು ಬ್ಯಾಗು, ಒಂದು ರೊಟ್ಟಿ ಗಂಟು.
ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಮರ್ಯಾದೆ ಉಳಿಯಿತು.
ಚಹಾದಂಗಡಿ ಮೊಯ್ದು ದುಡ್ಡು ಮುಟ್ಟಲಿಲ್ಲ,
"ಖಾಕಿ ಇಲ್ಲದೆ ನಿಮ್ಮ ಗುರುತೇ ಸಿಗಲಿಲ್ಲವಲ್ಲ" ಅಂದ.
ಮಕ್ಕಳು ನನ್ನನ್ನು ಹೆಮ್ಮೆಯಿಂದ ನೋಡಿದರು.
ಆಮೇಲೆ ಸ್ಫೂರ್ತಿ ಕೇಳಿದಳು,
"ಅಪ್ಪಾ, ಕೋಟಿ ಯಾವ ಕಡೆ?"
ಎಡಕ್ಕೆ ಕೈ ತೋರಿಸಿದೆ.
ಕೋಟೆ ಬಲಕ್ಕಿತ್ತು. ಅದೂ ಕೂಗಳತೆಯಲ್ಲಿ.

ಒಳಗೆ, ಅಂಗಳದ ಮೂಲೆಯಲ್ಲಿ, ಎರಡು ಗಾರೆ ಆನೆ.
ಒಂದು ರಾಜ್ಯ ಬಂದು, ಇನ್ನೊಂದು ಹೋಗಿ,
ಕಚೇರಿಗಳೂ ಬಂದು ಕೂತೆದ್ದ ಮೇಲೂ
ಸೊಂಡಿಲು ಇಳಿಬಿಟ್ಟು ನಿಂತೇ ಇದ್ದವು.
"ಇವು ಯಾಕ ನಿಂತಾವ?" ಮಲ್ಲು ಕೇಳಿದ.
"ಡ್ಯೂಟಿ ಮ್ಯಾಲ ಅದಾವ, ಅಪ್ಪನಂಗ" ಅಂದಳು ಅಕ್ಕ.
ನಾನು ಆನೆಯ ಕಾಲು ಸವರಿದೆ. ತಣ್ಣಗಿತ್ತು.

ಮಾಂದಲ್ ಪಟ್ಟಿಗೆ ಜೀಪು.
ಎಂಟು ಜನರ ಜಾಗದಲ್ಲಿ ಹನ್ನೊಂದು, ಬಾಯಿಗೆ ಬಂದದ್ದನ್ನು ನುಂಗಿದೆ.
ಕಲ್ಲಿನಿಂದ ಕಲ್ಲಿಗೆ ಹಾರುತ್ತ, ತಲೆ ಮೇಲಿನ ಸರಳಿಗೆ ಬಡಿಯುತ್ತ
ತುದಿ ಮುಟ್ಟಿದರೆ
ಮುಂದೆ ಬಿಳುಪು, ಹಿಂದೆ ಬಿಳುಪು.
"ಇಷ್ಟು ರೊಕ್ಕ ಕೊಟ್ಟು ಸುಣ್ಣದ ಗ್ವಾಡಿ ನೋಡಾಕ ಬಂದ್ವೇನು?"
ಫಕೀರವ್ವ ಸೆರಗು ಬಾಯಿಗಿಟ್ಟು ನಕ್ಕಳು,
ನಕ್ಕು ನಕ್ಕು ಹುಲ್ಲಿನ ಮೇಲೆ ಕೂತೇಬಿಟ್ಟಳು.
ಮದುವೆಯಾಗಿ ಹದಿನೇಳು ವರ್ಷ.
ಅವಳು ಹಾಗೆ ನಗುವುದು ನನ್ನ ಪಾಳಿಯಲ್ಲಿ ಬಂದೇ ಇರಲಿಲ್ಲ.

ಮರುದಿನ ದುಬಾರೆ. ಕಾವೇರಿ. ರಬ್ಬರ್ ದೋಣಿ.
ಚಿಟ್ಟಿಯಪ್ಪ ಅಂತ ಹುಡುಗ, ಮೀಸೆ ಈಗಷ್ಟೇ ಬಂದದ್ದು,
ಎಲ್ಲರಿಗೂ ಕೇಸರಿ ಜಾಕೆಟ್ಟು ಬಿಗಿದು ಹುಕುಂ ಕೊಡುತ್ತಿದ್ದ:
"ಮುಂದೆ! ಹಿಂದೆ! ಹಿಡ್ಕೊಳ್ಳಿ! ಒಳಗೆ ಬನ್ನಿ!"
ಅಯ್ಯೋ, ಅವೆಲ್ಲ ನನ್ನ ಮಾತುಗಳು.
ಇಷ್ಟು ವರ್ಷ ನಾನು ಹೇಳಿದ್ದನ್ನು
ಇವತ್ತು ನನಗೇ ಹೇಳುತ್ತಿದ್ದಾನೆ,
ನಾನು ಹಿಂದೆ ಅಂದರೆ ಮುಂದೆ ಹುಟ್ಟು ಹಾಕುತ್ತಿದ್ದೇನೆ.

ನೀರು ಕುದಿಯುವ ಜಾಗ ಬಂತು.
ದೋಣಿ ಮೂಗು ಎತ್ತಿತು, ಮಲ್ಲು ಚೀರಿದ,
ನದಿ ಒಂದು ಬಿಂದಿಗೆ ತುಂಬ ನನ್ನ ಮುಖಕ್ಕೆ ಎರಚಿತು.
ಆಮೇಲೆ ನೀರು ಸುಮ್ಮನಾಯಿತು, ಎಣ್ಣೆಯ ಹಾಗೆ.
"ಇಲ್ಲಿ ಬೇಕಾದವರು ಇಳಿದು ತೇಲಬಹುದು" ಅಂದ ಹುಡುಗ.
ಒಬ್ಬರ ಮುಖ ಒಬ್ಬರು ನೋಡಿದೆವು.

ನನಗೆ ಚಟ. ತಲೆ ಎಣಿಸಿದೆ.
ಆರು, ಏಳು…
ಒಂದು ಕಮ್ಮಿ.

ವಾರಕ್ಕೊಮ್ಮೆ ಬರುವ ನಲ್ಲಿಗೆ ನಡುರಾತ್ರಿ ಎದ್ದು
ಕೊಡಪಾನ ಸಾಲಿಟ್ಟು ಕಾಯುವವಳು,
ಅಕ್ಕಿ ತೊಳೆದ ನೀರನ್ನೂ ಗಿಡಕ್ಕೆ ಎತ್ತಿಡುವವಳು
ನದಿಯ ನಡುವೆ ಅಂಗಾತ ಮಲಗಿದ್ದಳು,
ಕಾಲ್ಬೆರಳ ಉಂಗುರ ನೀರಿನಾಚೆ ಮಿಂಚುತ್ತ,
ಕಣ್ಣು ಮೇಲೆ, ಬಿದಿರಿನ ತುದಿಯಲ್ಲಿ.

"ಏ, ಬಾ! ಹತ್ತು!" ಕೂಗಿದೆ, ಇಲ್ಲದ ಸೀಟಿಗೆ ಜೇಬು ತಡಕುತ್ತ.
ತಲೆ ಕೂಡ ತಿರುಗಿಸದೆ ಅಂದಳು,
"ನಿಮ್ಮ ಗಾಡಿ ಹೋಗ್ಲಿ.
ನಾ ಹಿಂದಿನಿಂದ ಬರ್ತೀನಿ."

ವಾಪಸು ರಾತ್ರಿ ಬಸ್ಸು. ಕಿಟಕಿ ಪಕ್ಕದ ಸೀಟು ನನಗೆ.
ಸುಂಟಿಕೊಪ್ಪದ ಇಳಿಜಾರು, ನಾನು ಮಷಿನ್ನಿನಲ್ಲಿ
ಬರೀ ಸ್ಟೇಜ್ ನಂಬರು ಒತ್ತಿ ದಾಟುತ್ತಿದ್ದದ್ದು,
ಈಗ ದೀಪ ಹಚ್ಚಿಕೊಂಡು ಕೂತಿತ್ತು.
ಹೆಗಲ ಮೇಲೆ ಅವಳ ತಲೆ. ಕೂದಲು ಇನ್ನೂ ಹಸಿ.
ಹೊಸ ಹುಡುಗ ಕಂಡಕ್ಟರು, ಎಣಿಸುತ್ತ ಬಂದ.
"ನಾಲ್ಕು" ಅಂದು ಮುಂದೆ ಹೋದ.

ನಾನು ಇನ್ನೊಮ್ಮೆ ಎಣಿಸಿಕೊಂಡೆ.